ಹಂದಿ ನಮ್ಮ ಗದ್ದೆ ಹಾಳ್ಮಾಡತ್ತೆ, ಅದನ್ಯಾಕೆ ಉಳಿಸ್ಬೇಕು ಸರ್? – ಹೊಸನಗರದ ಮೇಷ್ಟ್ರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಲಿ ವಿಜ್ಞಾನ ಪಾಠ ಮಾಡ್ತೀನಿ. 6, 7, 8ನೇ ಕ್ಲಾಸು ಸೇರಿ 38 ಮಕ್ಕಳು. ವನ್ಯಜೀವಿ ಸಂರಕ್ಷಣೆ ಬಗ್ಗೆ, ಆ ಕ್ಷೇತ್ರದಲ್ಲಿ ಏನೇನು ಕೆಲಸ ಸಿಗತ್ತೆ ಅನ್ನೋದ್ರ ಬಗ್ಗೆ ವರ್ಷ ಪೂರ್ತಿ ಏನಾದ್ರೂ ಮಾಡ್ಬೇಕು ಅಂತಿದೆ. ಹೋದ ತಿಂಗಳು ಶುರು ಮಾಡಿದ ದಿನವೇ ಏಳನೇ ಕ್ಲಾಸಿನ ಹುಡುಗ ಎದ್ದು "ಹಂದಿ ನಮ್ಮ ಗದ್ದೆ ಪೂರ್ತಿ ಹಾಳ್ಮಾಡಿದೆ, ಅದನ್ಯಾಕೆ ಉಳಿಸ್ಬೇಕು ಸರ್" ಅಂದ. ನನಗೆ ಉತ್ತರ ಹೊಳೀಲಿಲ್ಲ. ದುಡ್ಡೂ ಇಲ್ಲ, ಪ್ರೊಜೆಕ್ಟರೂ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಉತ್ತರ:

ನಮಸ್ಕಾರ ಮೇಷ್ಟ್ರೇ. ಆ ಹುಡುಗನಿಂದಲೇ ಶುರು ಮಾಡಿ. ಅವನು ಕೇಳಿದ್ದು ತರಲೆ ಪ್ರಶ್ನೆ ಅಲ್ಲ. ಕಾಡಂಚಲ್ಲಿ ಬದುಕೋ ಎಲ್ರ ಮನಸ್ಸಲ್ಲೂ ಇರೋ ಪ್ರಶ್ನೆ ಅದು, ಅದನ್ನ ಕ್ಲಾಸಲ್ಲಿ ಎದ್ದು ಕೇಳೋ ಧೈರ್ಯ ಅವನಿಗೆ ಬಂದಿದೆ ಅಂದ್ರೆ ನಿಮ್ಮ ಮೇಲೆ ಅವನಿಗೆ ನಂಬಿಕೆ ಇದೆ ಅಂತಲೇ ಅರ್ಥ.

ಶಾಲೆಗಳಲ್ಲಿ ವನ್ಯಜೀವಿ ಬಗ್ಗೆ ಹೇಳ್ಕೊಡೋ ಈ ಕೆಲಸಕ್ಕೆ ನಾನು ಇಳಿದ ಮೊದಲ ಎರಡು ವರ್ಷ ಏನು ಮಾಡ್ತಿದ್ದೆ ಅಂತ ಹೇಳ್ತೀನಿ. ಲ್ಯಾಪ್‌ಟಾಪ್ ಹೊತ್ಕೊಂಡು ಶಾಲೆ ಶಾಲೆ ಸುತ್ತಿ ಹುಲಿ, ಸಿಂಹ, ಹಿಮಕರಡಿ ಚಿತ್ರ ತೋರಿಸಿ ಕೊನೆಗೆ "ಕಾಡು ಉಳಿಸ್ತೀರಾ ಮಕ್ಳೇ" ಅಂದ್ರೆ ಎಲ್ರೂ "ಉಳಿಸ್ತೀವಿ" ಅಂತ ಕೂಗ್ತಿದ್ರು, ನಾನು ಖುಷಿಯಾಗಿ ವಾಪಸ್ ಬರ್ತಿದ್ದೆ. ಒಂದು ಶಾಲೆಲಿ ಹಂಗೆ ಕೂಗಿಸಿ ಆಚೆ ಬಂದು ಟೀ ಕುಡೀತಾ ನಿಂತಿದ್ದೆ, ಅದೇ ಮಕ್ಕಳು ಕಾಂಪೌಂಡ್ ಹತ್ರ ಒಂದು ಕೇರೆ ಹಾವನ್ನ ಕಲ್ಲು ಹೊಡೆದು ಸಾಯಿಸಿದ್ರು. ವಿಷ ಇಲ್ಲದ್ದು, ಗದ್ದೆ ಇಲಿ ತಿನ್ನೋ ಹಾವು. ಮಕ್ಕಳ ತಪ್ಪೇನೂ ಇಲ್ಲ, ಅವರ ಅಂಗಳಕ್ಕೆ ಬರೋ ಒಂದು ಪ್ರಾಣಿ ಬಗ್ಗೆನೂ ನಾನು ಬಾಯಿ ಬಿಟ್ಟಿರ್ಲಿಲ್ಲ. ಅವತ್ತಿಂದ ನಾನು ಶಾಲೆಗಳಲ್ಲಿ ಹಿಮಕರಡಿ ಬಿಟ್ಟೆ, ಭಾಷಣನೂ ಬಿಟ್ಟೆ. ಈಗ ನಾನು ಮಾಡೋದು ಒಂದೇ: ಸಂರಕ್ಷಣೆ ಕೆಲಸ ಮಾಡೋರು ದಿನಾ ಏನು ಮಾಡ್ತಾರೋ ಅದರ ಸಣ್ಣ ರೂಪವನ್ನ ಮಕ್ಕಳ ಕೈಲೇ ಮಾಡ್ಸೋದು, ಆಮೇಲೆ "ಈ ಕೆಲಸಕ್ಕೆ ಸಂಬಳ ಕೊಡ್ತಾರೆ ಗೊತ್ತಾ" ಅನ್ನೋದು. ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಉದ್ಯೋಗದ ಪಟ್ಟಿ ಓದಿ ಹೇಳಿದ್ರೆ ಸಂಜೆಗೆ ಮರ್ತು ಹೋಗತ್ತೆ, ಒಂದ್ಸಲ ಕೈಯಾರೆ ಮಾಡಿದ್ದು ಮರೆಯೋದಿಲ್ಲ.

ಸರಿ, ಹಂದಿ ವಿಷಯ. ಆ ಹುಡುಗ ಹೇಳಿದ್ದನ್ನ ಬೋರ್ಡ್ ಮೇಲೆ ಬರೀರಿ. ಉಳಿದವ್ರನ್ನೂ ಕೇಳಿ, ಯಾರ ಮನೇಲಿ ಏನು ಹೋಗಿದೆ, ಯಾವ ತಿಂಗಳು, ಯಾವ ಪ್ರಾಣಿ. ಮಂಗ ಏಲಕ್ಕಿ ಹಾಳ್ಮಾಡಿದ್ದು, ನವಿಲು ಸಸಿ ಮಡಿ ಕೆದಕಿದ್ದು, ಕಾಟಿ ಬಾಳೆ ಮುರಿದಿದ್ದು, ಮುಳ್ಳುಹಂದಿ ಗೆಡ್ಡೆ ಅಗೆದಿದ್ದು, ಚಿರತೆ ನಾಯಿ ಹೊತ್ಕೊಂಡು ಹೋಗಿದ್ದು, ಒಂದು ಪೀರಿಯಡ್ ಸಾಲಲ್ಲ ನೋಡಿ. ಮಧ್ಯೆ ಬಾಯಿ ಹಾಕ್ಬೇಡಿ, "ಆದ್ರೂ ಪ್ರಾಣಿ ಪಾಪ ಅಲ್ವಾ" ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ, ರಾತ್ರಿ ಎಲ್ಲ ಗದ್ದೆ ಕಾಯ್ದು ಬೆಳಗ್ಗೆ ಕೂಲಿಗೆ ಹೋಗೋ ಅಪ್ಪನ್ನ ನೋಡಿರೋ ಮಗುವಿಗೆ ಆ ಮಾತು ಅವಮಾನ ಆಗತ್ತೆ.

ಮಾರನೇ ದಿನ ಅದನ್ನೇ ಗಣಿತ ಮಾಡಿ. ಮಕ್ಕಳನ್ನ ಆ ಗದ್ದೆಗೇ ಕರ್ಕೊಂಡು ಹೋಗಿ. ಹಾಳಾದ ಜಾಗದ ಉದ್ದ ಅಗಲ ಅಳೀಲಿ, ಹೆಜ್ಜೆ ಗುರುತಿನ ಚಿತ್ರ ಬರೀಲಿ, ಹಂದಿ ಕಾಡಿಂದ ಯಾವ ಕಡೆಯಿಂದ ಬಂತು, ಬೇಲಿ ಎಲ್ಲಿ ನುಗ್ಗಿದೆ, ಹತ್ತಿರ ನೀರು ಎಲ್ಲಿದೆ ಅಂತ ಒಂದು ನಕ್ಷೆ ಮಾಡ್ಲಿ. ಬೆಳೆ ಪರಿಹಾರಕ್ಕೆ ಅರ್ಜಿ ಹಾಕೋಕೆ ಪಹಣಿ, ಫೋಟೋ, ನಷ್ಟದ ಅಂದಾಜು ಎಲ್ಲ ಬೇಕಲ್ವಾ, ಅರ್ಜಿ ಹೇಗೆ ಬರೆಯೋದು ಅಂತ ಕನ್ನಡ ಪೀರಿಯಡ್‌ನಲ್ಲಿ ಬರೆಸಿ, ಆ ಮನೆಯವರಿಗೂ ಉಪಯೋಗ ಆಗತ್ತೆ. ಆಮೇಲೆ ಮಕ್ಕಳಿಗೆ ಹೇಳಿ, ನೀವು ಈಗ ಮಾಡಿದ್ರಲ್ಲ ಇದೇ ಕೆಲಸನ ಫಾರೆಸ್ಟ್ ಗಾರ್ಡ್ ಮಾಡ್ತಾರೆ, ಮಾನವ–ವನ್ಯಜೀವಿ ಸಂಘರ್ಷದ ಬಗ್ಗೆ ಸಂಶೋಧನೆ ಮಾಡೋರೂ ಇದೇ ಮಾಡ್ತಾರೆ, ಅವರ ಹತ್ರ ಜಿಪಿಎಸ್ ಇರತ್ತೆ ಅಷ್ಟೇ ವ್ಯತ್ಯಾಸ.

ಆಗ ಹುಡುಗನ ಪ್ರಶ್ನೆಗೆ ಬನ್ನಿ. ನಾನಾದ್ರೆ ನೇರವಾಗೇ ಹೇಳ್ತೀನಿ: ನಿಮ್ಮ ಗದ್ದೆ ಹಾಳಾಗಿದ್ದು ಅನ್ಯಾಯ, ಅದಕ್ಕೆ ಪರಿಹಾರ ಸಿಗ್ಬೇಕು, ಬೇಲಿ ಗಟ್ಟಿ ಆಗ್ಬೇಕು, ಇದೂ ಸಂರಕ್ಷಣೆಯ ಕೆಲಸವೇ. ಹಂದಿಗೆ ಗದ್ದೆ ಅಂದ್ರೆ ಕಾಡಿಗಿಂತ ಸುಲಭದ ಊಟ, ಅದನ್ನ ಹಿಡಿಯೋ ಹುಲಿ, ಕಾಡುನಾಯಿ ಕಡಿಮೆ ಆದ ಕಡೆ ಅದಕ್ಕೆ ಹೆದರಿಕೆನೂ ಕಡಿಮೆ, ಕಾಡು ತುಂಡು ತುಂಡಾದಷ್ಟೂ ಕಾಡಂಚು ಜಾಸ್ತಿ ಆಗತ್ತೆ, ಕಾಡಂಚು ಜಾಸ್ತಿ ಆದಷ್ಟೂ ಗದ್ದೆ ಹಂದಿ ಬಾಯಿಗೆ ಹತ್ತಿರ ಆಗತ್ತೆ. ಹಾಗಾಗಿ ಹಂದಿ ಕಾಟ ಜಾಸ್ತಿ ಆಗಿದೆ ಅಂದ್ರೆ ಕಾಡಿನ ಒಳಗೆ ಏನೋ ತಪ್ಪಿದೆ ಅಂತ, ಏನು ತಪ್ಪಿದೆ ಅಂತ ಹುಡುಕೋರು ಬೇಕು, ಗದ್ದೆ ಕಳ್ಕೊಂಡವರ ಮನೆ ಮಗುವೇ ಅದನ್ನ ಹುಡುಕಿದ್ರೆ ಎಷ್ಟು ಒಳ್ಳೇದು. ಅವನು ಒಪ್ಪದೇ ಹೋದ್ರೆ ಒಪ್ಪಿಸೋಕೆ ಹೋಗ್ಬೇಡಿ. ಇಡೀ ವರ್ಷ ಇದೆ.

ಇನ್ನೊಂದು ಕೆಲಸ, ಅಜ್ಜಿಯರ ಸಂದರ್ಶನ. ನಿಮ್ಮ ತಾಲ್ಲೂಕಲ್ಲಿ ಮುಳುಗಡೆ ಕುಟುಂಬಗಳು ಎಷ್ಟಿವೆ ಅಂತ ನಿಮಗೇ ಗೊತ್ತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರು, ಗದ್ದೆ, ಕಾನು (ದಟ್ಟ ಕಾಡು) ಎಲ್ಲ ನೀರೊಳಗೆ ಹೋಯ್ತು. ಮನೆ ಬಿಟ್ಟು ಎದ್ದು ಬಂದ ಕತೆ ಮಕ್ಕಳು ಮನೇಲಿ ಕೇಳಿರ್ತಾರೆ, ಕಾಡುಪ್ರಾಣಿಗಳ ಕತೆ ಕೇಳಿರೋಲ್ಲ. ನೀವು ಚಿಕ್ಕೋರಿದ್ದಾಗ ಯಾವ ಪ್ರಾಣಿ ಕಾಣ್ತಿತ್ತು, ಯಾವುದು ಈಗ ಇಲ್ಲ, ಯಾವುದು ಹೊಸದಾಗಿ ಬಂದಿದೆ, ನವಿಲು ಆಗ ಇತ್ತಾ, ಮಂಗ ತೋಟಕ್ಕೆ ಬರ್ತಿತ್ತಾ, ದೇವರ ಕಾಡಲ್ಲಿ ಯಾಕೆ ಸೌದೆ ಕಡೀತಿರ್ಲಿಲ್ಲ, ತೋಟಕ್ಕೆ ಸೊಪ್ಪು ತರೋ ಸೊಪ್ಪಿನಬೆಟ್ಟ ಹೇಗಿತ್ತು ಅಂತ ಹತ್ತು ಪ್ರಶ್ನೆ ಬರ್ಕೊಟ್ಟು ಕಳ್ಸಿ. ಒಬ್ಬ ಹುಡುಗಿ ಅವರಜ್ಜಿ ಹೇಳಿದ್ದು ಅಂತ ಬರ್ಕೊಂಡು ಬಂದ ನಾಲ್ಕು ಪುಟನ ನಾನು ಇವತ್ತಿಗೂ ಇಟ್ಕೊಂಡಿದೀನಿ, ಅದ್ರಲ್ಲಿ ಮಂಗಟ್ಟೆ ಹಕ್ಕಿ ಹಾರುವಾಗ ರೆಕ್ಕೆ ಬಡಿಯೋ ಸದ್ದನ್ನ "ದೂರದಲ್ಲಿ ಯಾರೋ ಭತ್ತ ಕೇರ್ತಾ ಇದ್ದಂಗೆ" ಅಂತ ಅಜ್ಜಿ ಹೇಳಿದ್ರಂತೆ. ಆ ಸದ್ದನ್ನ ಅಷ್ಟು ಚೆನ್ನಾಗಿ ಹೇಳಿದ್ದು ನಾನು ಬೇರೆಲ್ಲೂ ಕೇಳಿಲ್ಲ.

ಈಗ ಎಣಿಕೆ ವಿಷಯ, ಇದು ನನಗೆ ತುಂಬ ಇಷ್ಟದ ಪಾಠ. 2022ರ ಗಣತಿಲಿ ಕರ್ನಾಟಕದಲ್ಲಿ 563 ಹುಲಿ ಅಂತ ಅಂದಾಜು ಬಂತಲ್ಲ, ಮಕ್ಕಳಿಗೆ ಕೇಳಿ, ಹುಲಿನ ಸಾಲಲ್ಲಿ ನಿಲ್ಸಿ ಎಣಿಸೋಕಾಗತ್ತಾ? ಒಂದು ಡಬ್ಬಿ ತುಂಬ ಒಣ ಅವರೆಕಾಳು ತಗೊಳ್ಳಿ, ಎಷ್ಟಿದೆ ಅಂತ ಯಾರಿಗೂ ಗೊತ್ತಿರ್ಬಾರ್ದು. ಅದ್ರಿಂದ 40 ಕಾಳು ತೆಗೆದು ಸ್ಕೆಚ್ ಪೆನ್ನಲ್ಲಿ ಗುರುತು ಹಾಕಿ ವಾಪಸ್ ಹಾಕಿ, ಚೆನ್ನಾಗಿ ಕಲಸಿ. ಕಣ್ಣುಮುಚ್ಚಿ ಮತ್ತೆ 50 ತೆಗೀರಿ. ಅದ್ರಲ್ಲಿ 10ಕ್ಕೆ ಗುರುತಿದೆ ಅಂದ್ಕೊಳ್ಳಿ, ಅಂದ್ರೆ ಐದರಲ್ಲಿ ಒಂದು. ಹಾಗಾದ್ರೆ ನಾವು ಗುರುತು ಹಾಕಿದ 40 ಇಡೀ ಡಬ್ಬಿಯ ಐದರಲ್ಲಿ ಒಂದು ಭಾಗ, ಒಟ್ಟು 200 ಇರ್ಬಹುದು. ಆಮೇಲೆ ಡಬ್ಬಿ ಸುರಿದು ನಿಜವಾಗ್ಲೂ ಎಣಿಸ್ಲಿ, 190 ಬರತ್ತೋ 215 ಬರತ್ತೋ, ಆ ವ್ಯತ್ಯಾಸ ಯಾಕೆ ಬಂತು ಅಂತ ಜಗಳ ಆಡ್ಲಿ, ಕಾಳು ಸರಿಯಾಗಿ ಕಲಸಿರ್ಲಿಲ್ಲ, ನೀನು ಗುರುತಿರೋದನ್ನೇ ನೋಡ್ಕೊಂಡು ತೆಗೆದೆ ಅಂತ. ಆ ಜಗಳವೇ ವಿಜ್ಞಾನ. ಹುಲಿಗೆ ಸ್ಕೆಚ್ ಪೆನ್ನಲ್ಲಿ ಗುರುತು ಹಾಕ್ಬೇಕಿಲ್ಲ, ಅದರ ಪಟ್ಟೆನೇ ಗುರುತು, ನಮ್ಮ ಬೆರಳಚ್ಚಿನ ಥರ ಒಂದರದ್ದು ಇನ್ನೊಂದಕ್ಕಿರೋಲ್ಲ, ಅದಕ್ಕೇ ಕಾಡಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದ್ರೆ ಪ್ರಾಣಿ ಮುಂದೆ ಹಾದ್ರೆ ತಾನೇ ಕ್ಲಿಕ್ ಆಗೋ ಕ್ಯಾಮೆರಾ, ಇಟ್ಟು ಫೋಟೋ ತೆಗೆಯೋದು. 1990ರ ದಶಕದ ಶುರುವಲ್ಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ವಿಧಾನದಲ್ಲಿ ಹುಲಿ ಎಣಿಸಿದ್ರು. ಅವರು ಮೊದಲು ಓದಿದ್ದು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್, ಇದನ್ನ ಮಕ್ಕಳಿಗೆ ಖಂಡಿತ ಹೇಳಿ. ಗಣಿತ ಅಂದ್ರೆ ಹೆದರೋ ಮಕ್ಕಳಿಗೆ ಗಣಿತ ಯಾಕೆ ಬೇಕು ಅಂತ ತೋರ್ಸೋಕೆ ಇದಕ್ಕಿಂತ ಒಳ್ಳೆ ದಾರಿ ನನಗಂತೂ ಸಿಕ್ಕಿಲ್ಲ.

ಹೆಸರಿನ ವಿಷಯಕ್ಕೆ ಒಂದು ಮಾತು. ವಿಜ್ಞಾನ ಅಂದ್ರೆ ಎಲ್ಲೋ ದೂರದ್ದು, ಇಂಗ್ಲಿಷಿಂದು ಅಂತ ನಮ್ಮ ಮಕ್ಕಳಿಗೆ ಒಂದು ಅಳುಕಿದೆ. ಅವರಿಗೆ ಈ ಎರಡು ಕತೆ ಹೇಳಿ. ಪಶ್ಚಿಮಘಟ್ಟದ ಕಾಳಿಂಗ ಸರ್ಪ ಬೇರೆ ಕಡೆಯ ಕಾಳಿಂಗಗಳಿಗಿಂತ ಬೇರೆಯೇ ಪ್ರಭೇದ ಅಂತ 2024ರಲ್ಲಿ ಗೊತ್ತಾದಾಗ ಅದಕ್ಕೆ ಕೊಟ್ಟ ವೈಜ್ಞಾನಿಕ ಹೆಸರು ಒಫಿಯೋಫೇಗಸ್ ಕಾಳಿಂಗ, ನಮ್ಮ ಅಜ್ಜಂದಿರು ಕರೀತಿದ್ದ ಹೆಸರೇ. ಇನ್ನೊಂದು, ಜೋಗದಿಂದ ಆಚೆ ಉತ್ತರ ಕನ್ನಡದ ಕತ್ತಲೆಕಾನಲ್ಲಿ ಸಿಕ್ಕಿದ ಪುಟ್ಟ ಕಪ್ಪೆ. ಗಂಡುಕಪ್ಪೆ ಮುಂಗೈಲಿ ಹಳ್ಳದ ಕೆಸರು ತಂದು ಮೊಟ್ಟೆಗೆ ಮೆತ್ತತ್ತೆ, ಮಡಕೆ ಮಾಡೋರ ಥರ, ಅದಕ್ಕೆ 2014ರಲ್ಲಿ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಅಂತ ಹೆಸರಿಟ್ರು. ಈ ಕತೆ ಹೇಳಿ ಮುಗಿಸೋಷ್ಟರಲ್ಲಿ ಮಕ್ಕಳು "ನಮ್ಮ ತೋಟದ ಹಳ್ಳದಲ್ಲೂ ನೋಡ್ಲಾ" ಅಂತಾರೆ. ನೋಡ್ಲಿ. ಮಳೆಗಾಲದ ಸಂಜೆ ಮನೆ ಜಗಲೀಲಿ ಕೂತು ಎಷ್ಟು ಥರದ ಕಪ್ಪೆ ಕೂಗು ಕೇಳತ್ತೆ ಅಂತ ಫೋನಲ್ಲಿ ರೆಕಾರ್ಡ್ ಮಾಡ್ಲಿ, ಕಪ್ಪೆ ಸಂಶೋಧಕರು ಮಾಡೋದೂ ಅದೇ, ಅವರೂ ಕಪ್ಪೆ ಕಣ್ಣಿಗೆ ಕಾಣೋಕೆ ಮುಂಚೆ ಕೂಗಿಂದಲೇ ಗುರುತು ಹಿಡೀತಾರೆ.

ಪ್ರವಾಸ ಅಂದ್ರೆ ದೂರ ಹೋಗ್ಬೇಕಿಲ್ಲ. ತೀರ್ಥಹಳ್ಳಿ ರಸ್ತೆಲಿ ಒಂದೇ ದಿನಕ್ಕೆ ಎರಡು ಜಾಗ ಆಗತ್ತೆ. ಬೆಳಗ್ಗೆನೇ ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗಿ, ಆನೆ ಹೊಳೇಲಿ ಸ್ನಾನ ಮಾಡೋದು ಬೆಳಗ್ಗೆ ಹೊತ್ತು. ಆದ್ರೆ ಆನೆ ನೋಡಿ ಫೋಟೋ ತೆಗೆದು ಬರ್ಬೇಡಿ, ಮಾವುತರನ್ನ, ಅವರ ಸಹಾಯಕರಾದ ಕಾವಾಡಿಗಳನ್ನ ಮಾತಾಡಿಸೋಕೆ ಮೊದಲೇ ಅನುಮತಿ ಕೇಳಿ ಇಟ್ಕೊಳ್ಳಿ. ಆನೆಗೆ ತಿನ್ನಿಸೋ ಹುಲ್ಲಿನ ಕಟ್ಟು, ಕುಸುರೆ, ಹೇಗೆ ಕಟ್ತಾರೆ, ಆನೆಗೆ ಹೊಟ್ಟೆ ಸರಿ ಇಲ್ಲ ಅಂತ ಹೇಗೆ ಗೊತ್ತಾಗತ್ತೆ, ರಾತ್ರಿ ಕಾಡಿಗೆ ಬಿಟ್ಟ ಆನೆನ ಬೆಳಗ್ಗೆ ಹೆಜ್ಜೆ ನೋಡ್ಕೊಂಡು ಹೇಗೆ ಹುಡುಕ್ತಾರೆ ಅಂತ ಅವರ ಬಾಯಿಂದ ಕೇಳಿದ್ರೆ, ಆನೆ ಬಗ್ಗೆ ಅವರಷ್ಟು ತಿಳಿದೋರು ಯಾರೂ ಇಲ್ಲ ಅಂತ ಮಕ್ಕಳಿಗೇ ಗೊತ್ತಾಗತ್ತೆ. ಅಲ್ಲಿಂದ ಮುಂದೆ ಮಂಡಗದ್ದೆ, ತುಂಗೆಯ ನಡುಗಡ್ಡೆ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ತವೆ, ದಡದಿಂದಲೇ ಕಾಣತ್ತೆ. ಅಲ್ಲಿ ಎಣಿಸೋದು ಹೇಳ್ಕೊಡಿ: ಮೊದಲು ಹತ್ತು ಹಕ್ಕಿ ಎಣಿಸಿ ಆ ಹತ್ತು ಎಷ್ಟು ಜಾಗ ತಗೊಂಡಿದೆ ಅಂತ ಕಣ್ಣಲ್ಲಿ ಹಿಡ್ಕೊಂಡು, ಅಂಥ ಜಾಗ ಎಷ್ಟಿದೆ ಅಂತ ಲೆಕ್ಕ ಹಾಕೋದು. ಹೊಳೆ ದಡ ಜಾರತ್ತೆ, ನೀರಿನ ಹತ್ರ ಒಬ್ರೂ ಇಳೀಬಾರ್ದು, ಇದರಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ.

ಅಪಾಯದ ಮಾತು ಬಂದ್ಮೇಲೆ ಇದನ್ನೂ ಹೇಳ್ಬೇಕು. ಬೇಸಿಗೆಲಿ ಮಕ್ಕಳನ್ನ ಕಾಡೊಳಗೆ ಕರ್ಕೊಂಡು ಹೋಗ್ಬೇಡಿ. ಮಂಗನ ಕಾಯಿಲೆ (ಕೆಎಫ್‌ಡಿ) ಡಿಸೆಂಬರ್ ಆಸುಪಾಸಿಂದ ಮೇವರೆಗೆ, ಅದನ್ನ ಹರಡೋ ಉಣುಗು (ಉಣ್ಣೆ ಹುಳ) ಜಾಸ್ತಿ ಇರೋ ಕಾಲ ಅದು. ಅದೇ ಪಾಠನೂ ಆಗ್ಲಿ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳೋಕೆ ಶುರುವಾಗಿ, ಜನರಿಗೂ ಜ್ವರ ಬಂದು, ಆ ಊರ ಹೆಸರೇ ಕಾಯಿಲೆಗೆ ಬಂತು. ಸತ್ತ ಮಂಗ ಕಂಡ್ರೆ ಮುಟ್ಬಾರ್ದು, ಹತ್ರ ಹೋಗ್ಬಾರ್ದು, ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ತಕ್ಷಣ ಹೇಳ್ಬೇಕು ಅನ್ನೋದು ಪ್ರತಿ ಮಗುವಿನ ಬಾಯಲ್ಲೂ ಬರ್ಬೇಕು. ಆ ಸುದ್ದಿ ಬಂದ್ಮೇಲೆ ಪಶುವೈದ್ಯರು ಬಂದು ಮಂಗನ ಅಂಗಾಂಶದ ಸ್ಯಾಂಪಲ್ ತೆಗೀತಾರೆ, ಕೀಟ ತಜ್ಞರು ಉಣುಗು ಹಿಡೀತಾರೆ, ಲ್ಯಾಬಲ್ಲಿ ವೈರಸ್ ಪರೀಕ್ಷೆ ಆಗತ್ತೆ, ಆರೋಗ್ಯ ಇಲಾಖೆಯವರು ಉಣುಗು ಕಚ್ಚದ ಹಾಗೆ ಮೈಗೆ ಹಚ್ಕೊಳ್ಳೋ ಡೆಪಾ ಎಣ್ಣೆನ ಮನೆಮನೆಗೆ ಹಂಚ್ತಾರೆ. ನೋಡಿ, ಒಂದು ಮಂಗದ ಹಿಂದೆ ಎಷ್ಟು ಜನರ ಕೆಲಸ ಇದೆ. ಹಾವಿನ ವಿಷಯದಲ್ಲೂ ಅಷ್ಟೇ, ಹಾವು ಹಿಡಿಯೋದನ್ನ ಸಾಹಸ ಅಂತ ತೋರ್ಸೋ ವಿಡಿಯೋಗಳನ್ನ ಕ್ಲಾಸಿಗೆ ತರ್ಲೇಬೇಡಿ. ನಮ್ಮಲ್ಲಿ ಸಿಗೋ ಕೆಲವು ಗುಳಿಮಂಡಲಗಳ ವಿಷಕ್ಕೆ ಆಸ್ಪತ್ರೆಲಿರೋ ಮಾಮೂಲಿ ಆ್ಯಂಟಿವೆನಮ್ ಕೆಲಸ ಮಾಡಲ್ಲ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ ಕಾಳಿಂಗದ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ತಿಂಗಳುಗಟ್ಲೆ ದೂರದಿಂದ ಹಿಂಬಾಲಿಸಿದ್ರು, ಹೆಣ್ಣು ತರಗೆಲೆ ಒಟ್ಟು ಮಾಡಿ ಗೂಡು ಕಟ್ಟಿ ಕಾಯೋದನ್ನ ಗಂಟೆಗಟ್ಲೆ ಕೂತು ನೋಡಿ ಬರ್ಕೊಂಡ್ರು. ಕೂತು ನೋಡೋದೂ ಕೆಲಸ ಅಂತ ಮಕ್ಕಳಿಗೆ ಗೊತ್ತಾಗ್ಬೇಕು.

ಕೊನೆಗೆ ನೀವು ಕೇಳಿದ ಉದ್ಯೋಗದ ವಿಷಯ. ಬರೀ ಐಎಫ್ಎಸ್ (ಭಾರತೀಯ ಅರಣ್ಯ ಸೇವೆ) ಬಗ್ಗೆ ಹೇಳಿ ನಿಲ್ಲಿಸ್ಬೇಡಿ. ಅದನ್ನ ಹೇಳಿ, ಯುಪಿಎಸ್‌ಸಿ ಪರೀಕ್ಷೆ, ಪಿಯುಸಿಲಿ ವಿಜ್ಞಾನ ತಗೊಂಡು ಆಮೇಲೆ ವಿಜ್ಞಾನ, ಕೃಷಿ, ಅರಣ್ಯ, ಪಶುವೈದ್ಯ ಅಥವಾ ಇಂಜಿನಿಯರಿಂಗ್ ಡಿಗ್ರಿ ಬೇಕು ಅಂತ. ಆದ್ರೆ ಕೆಳಗಿನ ಮೆಟ್ಟಿಲುಗಳನ್ನ ಗೌರವದಿಂದ ಹೇಳಿ. ವಾಚರ್, ಗಾರ್ಡ್, ಫಾರೆಸ್ಟರ್, ರೇಂಜರ್, ಕಾಡು ದಿನಾ ನೋಡೋದು ಇವರು. ವಾಚರ್‌ಗೆ ಎಸ್ಸೆಸ್ಸೆಲ್ಸಿ, ಗಾರ್ಡ್‌ಗೆ ಪಿಯುಸಿ, ಜೊತೆಗೆ ದೈಹಿಕ ಪರೀಕ್ಷೆ. ಗಾರ್ಡ್ ಕೆಲಸಕ್ಕೆ ಈಗ ಹೆಣ್ಣುಮಕ್ಕಳೂ ಬರ್ತಿದ್ದಾರೆ, ಸಾಧ್ಯ ಆದ್ರೆ ನಿಮ್ಮ ರೇಂಜಿಂದ ಒಬ್ಬ ಮಹಿಳಾ ಗಾರ್ಡನ್ನೇ ಶಾಲೆಗೆ ಕರೀರಿ, ಯೂನಿಫಾರ್ಮ್‌ನಲ್ಲಿ. ನಿಮ್ಮ ಕ್ಲಾಸಿನ ಹುಡುಗಿಯರು ಆಗ ಕೇಳೋ ಪ್ರಶ್ನೆನೇ ಬೇರೆ ಇರತ್ತೆ, ರಾತ್ರಿ ಒಬ್ಬರೇ ಹೋಗ್ತೀರಾ ಮೇಡಂ, ಮನೇಲಿ ಒಪ್ಪಿದ್ರಾ ಅಂತ, ಆ ಉತ್ತರ ನಾನೂ ಕೊಡೋಕಾಗಲ್ಲ ನೀವೂ ಕೊಡೋಕಾಗಲ್ಲ.

ಓದೋಕೆ ದೂರ ಹೋಗ್ಬೇಕು ಅನ್ನೋ ಭಯನೂ ಬೇಡ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಬಿಎಸ್ಸಿ ಫಾರೆಸ್ಟ್ರಿಗೆ ಶಿರಸಿ ಇದೆ, ಪೊನ್ನಂಪೇಟೆ ಇದೆ. ಸಿಇಟಿಲಿ ಇಂಥ ಕೋರ್ಸುಗಳಿಗೆ ಕೃಷಿಕರ ಮಕ್ಕಳ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇರತ್ತೆ, ಬೀಜ, ಗೊಬ್ಬರ, ಬೆಳೆ, ಕೃಷಿ ಸಲಕರಣೆ ಗುರುತಿಸೋ ಥರದ್ದು, ಗದ್ದೆಲಿ ಬೆಳೆದ ಮಗುವಿಗೆ ಅದು ಆಟ. ಈ ಕೋಟಾ ಇದೆ ಅಂತಲೇ ಗೊತ್ತಿಲ್ಲದೆ ಎಷ್ಟೋ ಮಕ್ಕಳು ಅರ್ಜಿ ಹಾಕೋದೇ ಇಲ್ಲ, ಇದನ್ನ ಪೋಷಕರ ಸಭೆಲಿ ಹೇಳಿ ಪ್ಲೀಸ್. ಡಿಗ್ರಿ ಆದ್ಮೇಲೆ ವನ್ಯಜೀವಿ ಎಂಎಸ್ಸಿ ಮಾಡೋಕೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ವಿಭಾಗ ಇದೆ, ಅಲ್ಲಿಂದ ಭದ್ರಾ ಹುಲಿ ಮೀಸಲು ಪ್ರದೇಶ ಎಷ್ಟು ದೂರ ಹೇಳಿ. ಇನ್ನೂ ಮುಂದೆ ಹೋಗೋರಿಗೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್, ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ. ವಿಜ್ಞಾನ ಇಷ್ಟ ಇಲ್ಲದ ಮಕ್ಕಳಿಗೂ ಜಾಗ ಇದೆ, ವನ್ಯಜೀವಿ ಕೇಸು ನಡೆಸೋಕೆ ವಕೀಲರು ಬೇಕು, ಉಪಗ್ರಹ ನಕ್ಷೆ ಓದೋರು ಬೇಕು, ಹಕ್ಕಿ ಚಿತ್ರ ಬರೆಯೋರು, ಕನ್ನಡದಲ್ಲಿ ಇದನ್ನೆಲ್ಲ ಸರಿಯಾಗಿ ಬರೆಯೋ ಪತ್ರಕರ್ತರು ಬೇಕು, ಅವರಂತೂ ತುಂಬಾನೇ ಕಡಿಮೆ. ಒಂದು ಮಾತು ಮುಚ್ಚಿಡ್ಬೇಡಿ, ಈ ಕ್ಷೇತ್ರದಲ್ಲಿ ಸಂಶೋಧನೆ ಕೆಲಸಗಳು ಬಹಳಷ್ಟು ಎರಡು ಮೂರು ವರ್ಷದ ಪ್ರಾಜೆಕ್ಟುಗಳು, ಸಂಬಳನೂ ಸಾಫ್ಟ್‌ವೇರ್‌ನಷ್ಟು ಇರೋಲ್ಲ. ಆ ಮಾತು ಕೇಳಿದ್ಮೇಲೂ ಮಾಡ್ತೀನಿ ಅನ್ನೋ ಒಬ್ಬ ಹುಡುಗಿಯೋ ಹುಡುಗನೋ ನಿಮ್ಮ 38ರಲ್ಲಿ ಸಿಕ್ಕಿದ್ರೆ ನನಗೆ ಹೇಳಿ.

ವರ್ಷ ಪೂರ್ತಿಗೆ ಅಂದ್ರಲ್ಲ, ಪ್ರತಿ ಮಗುವಿಗೂ ಒಂದು 200 ಪುಟದ ನೋಟ್‌ಬುಕ್ ಕೊಡ್ಸಿ. ದಿನಾ ಮೂರೇ ಸಾಲು: ತಾರೀಕು ಮತ್ತು ಮಳೆ ಇತ್ತಾ ಇಲ್ವಾ, ಕಂಡ ಅಥವಾ ಕೇಳಿಸಿದ ಒಂದು ಜೀವಿ, ಅದು ಏನು ಮಾಡ್ತಿತ್ತು. ಹೆಸರು ಗೊತ್ತಿಲ್ದಿದ್ರೆ ಮನೇಲಿ ಕರೆಯೋ ಹೆಸರೇ ಬರೀಲಿ, ಕೆಂಜಳಿಲು ಅನ್ಲಿ, ಬೇರೇನೇ ಅನ್ಲಿ. ಕಾಗುಣಿತ ತಿದ್ದೋಕೆ ಹೋಗ್ಬೇಡಿ, ಮಾರ್ಕ್ಸೂ ಬೇಡ. ಶಾಲೆ ಆವರಣದ ಒಂದು ಮಾವಿನ ಮರನೋ ಹಲಸಿನ ಮರನೋ ಗುರುತು ಮಾಡಿ ವಾರಕ್ಕೊಂದ್ಸಲ ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ಬರೀತಾ ಹೋದ್ರೆ ಸೀಸನ್‌ವಾಚ್ ಅನ್ನೋ ದೇಶಮಟ್ಟದ ಯೋಜನೆಗೆ ನಿಮ್ಮ ಶಾಲೆ ಮಾಹಿತಿನೂ ಸೇರತ್ತೆ, ನಮ್ಮ ಶಾಲೆ ಮರದ ಲೆಕ್ಕನ ವಿಜ್ಞಾನಿಗಳು ಓದ್ತಾರೆ ಅಂತ ಮಕ್ಕಳಿಗೆ ಹೇಳೋವಾಗ ನೀವೇ ಅವರ ಮುಖ ನೋಡಿ.

ಗಾರ್ಡನ್ನ ಶಾಲೆಗೆ ಕಳ್ಸಿ ಅಂತ ಅರಣ್ಯ ಇಲಾಖೆ ರೇಂಜ್ ಆಫೀಸಿಗೆ ಪತ್ರ ಈ ವಾರವೇ ಬರೀರಿ, ಅಕ್ಟೋಬರ್ 2ರಿಂದ 8 ವನ್ಯಜೀವಿ ಸಪ್ತಾಹ, ಆಗ ಅವರಿಗೆ ಎಲ್ಲ ಕಡೆಯಿಂದ ಕರೆ ಇರತ್ತೆ, ಸಿಗೋದಿಲ್ಲ. ಚಿಣ್ಣರ ವನದರ್ಶನ ಅಂತ ಇಲಾಖೆಯದ್ದೇ ಕಾರ್ಯಕ್ರಮ ಇದೆ, ನಿಮ್ಮ ಶಾಲೆ ಮಕ್ಕಳಿಗೆ ಅವಕಾಶ ಇದೆಯಾ ಅಂತ ಅದೇ ಪತ್ರದಲ್ಲಿ ಕೇಳಿ. ಮಂಡಗದ್ದೆಗೆ ಹೊರಡೋ ದಿನ ಗೊತ್ತಾದ್ರೆ ಮೊದಲೇ ತಿಳ್ಸಿ, ನನ್ನ ಹತ್ರ ಎರಡು ಹಳೇ ಬೈನಾಕ್ಯುಲರ್ ಇದೆ, ಒಂದರ ಪಟ್ಟಿ ಹರಿದಿದೆ ಆದ್ರೆ ಗಾಜು ಚೆನ್ನಾಗಿದೆ, ಹೊಸನಗರ ಬಸ್ಸಲ್ಲಿ ಕಳಿಸ್ಕೊಡ್ತೀನಿ. ಹಂದಿ ಗದ್ದೆ ಹುಡುಗನಿಗೆ ಮೊದಲು ಕೊಡಿ.